ಕ್ರ್ಯಾಕ್ ಹಾಕಿದ ವಿಂಡೋಸ್‌ನಿಂದ ಲಾಭ ಯಾರಿಗೆ?

ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಒಂದು ವಿಚಿತ್ರ ಉಂಟು. ಉಪ್ಪಳದಲ್ಲೋ ಕುಂಬಳೆಯಲ್ಲೋ ಸರ್ಕಾರಿ ಹೈಸ್ಕೂಲಿಗೆ ಹೋಗುವ ಹುಡುಗಿ ಶಾಲೆಯ ಲ್ಯಾಬಿನಲ್ಲಿ ಗ್ನೂ/ಲಿನಕ್ಸ್ ಕಂಪ್ಯೂಟರ್ ಮುಂದೆ ಕೂರುತ್ತಾಳೆ. ಲಿಬ್ರೆಆಫೀಸಿನಲ್ಲಿ ಪತ್ರ ಟೈಪ್ ಮಾಡುತ್ತಾಳೆ, ಇಂಕ್‌ಸ್ಕೇಪಿನಲ್ಲಿ ಚಿತ್ರ ಬಿಡಿಸುತ್ತಾಳೆ, ಪೈಥಾನಿನಲ್ಲಿ ಪುಟ್ಟ ಪ್ರೋಗ್ರಾಂ ಬರೆಯುತ್ತಾಳೆ. ಎಸ್ಸೆಸೆಲ್ಸಿಯ ಐಟಿ ಪರೀಕ್ಷೆಯೂ ಅದರಲ್ಲೇ. ಸಂಜೆ ಮನೆಗೆ ಬಂದರೆ ಅಲ್ಲಿ ಕ್ರ್ಯಾಕ್ ಹಾಕಿದ ವಿಂಡೋಸ್. ಅಪ್ಪನ ಅಂಗಡಿಯಲ್ಲಿ ಅದೇ, ಪೇಟೆಯ ಡಿಟಿಪಿ ಸೆಂಟರಿನಲ್ಲಿ ಅದೇ, ಜಮಾಅತ್ ಕಮಿಟಿಯ ಲೆಕ್ಕಪತ್ರ ಇಡುವ ಕೋಣೆಯಲ್ಲೂ ಅದೇ. ರಿಪೇರಿಯ ಹುಡುಗ ನಾಲ್ಕೈದು ನೂರು ರೂಪಾಯಿ ತೆಗೆದುಕೊಂಡು ಪೆನ್‌ಡ್ರೈವಿನಿಂದ ಹಾಕಿಕೊಟ್ಟು ಹೋಗಿರುತ್ತಾನೆ. ಕೇಳಿದರೆ, "ಎಲ್ಲರೂ ಮಾಡುವುದು ಅದನ್ನೇ ಅಲ್ವಾ ಮಾರಾಯ್ರೆ, ಆ ಕಂಪನಿಯವರಿಗೆ ದುಡ್ಡಿಗೇನು ಬರಗಾಲವಾ?"

ಇದು ಹಖ್ಖಿನ ಪ್ರಶ್ನೆ, ಇನ್ನೊಬ್ಬರ ಸೊತ್ತು ಕೇಳದೆ ತೆಗೆಯುವುದು ಸರಿಯಾ ಎಂದು ಹೇಳುವವರು ನಮ್ಮಲ್ಲಿ ಇದ್ದಾರೆ. ಅದನ್ನು ಉಸ್ತಾದರು ಹೇಳಲಿ. ನನ್ನ ತಕರಾರು ಬೇರೆ. ಕದ್ದ ವಿಂಡೋಸಿನಿಂದ ಕಂಪನಿಗೆ ನಷ್ಟವಾಗುತ್ತಿದೆ ಎಂದು ನಾವು ಒಳಗೊಳಗೇ ಖುಷಿಪಡುತ್ತೇವಲ್ಲ, ಆ ಲೆಕ್ಕವೇ ತಪ್ಪು. 1998ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೆದುರು ಬಿಲ್ ಗೇಟ್ಸ್ ಇದನ್ನು ಬಾಯಿಬಿಟ್ಟೇ ಹೇಳಿದ್ದರು. ಚೀನಾದವರು ನಮ್ಮ ಸಾಫ್ಟ್‌ವೇರಿಗೆ ದುಡ್ಡು ಕೊಡುವುದಿಲ್ಲ, ಆದರೆ ಕದಿಯುವುದೇ ಆದರೆ ನಮ್ಮದನ್ನೇ ಕದಿಯಲಿ, ಅದಕ್ಕೆ ಒಗ್ಗಿಹೋದ ಮೇಲೆ ಮುಂದಿನ ಹತ್ತು ವರ್ಷದಲ್ಲಿ ವಸೂಲಿ ಮಾಡುವ ದಾರಿ ಹುಡುಕಿಕೊಳ್ಳುತ್ತೇವೆ ಎಂಬ ಅರ್ಥದ ಮಾತು. ರಿಪೇರಿಯ ಹುಡುಗ ಕಂಪನಿಯನ್ನು ಮೋಸ ಮಾಡುತ್ತಿಲ್ಲ, ಸಂಬಳವಿಲ್ಲದೆ ಅದರ ಸೇಲ್ಸ್‌ಮ್ಯಾನ್ ಆಗಿದ್ದಾನೆ ಅಷ್ಟೆ.

ವಸೂಲಿಯ ಕಾಲ ಬಂದಾಗ ಏನಾಗುತ್ತದೆ? ನನ್ನ ಪರಿಚಯದ ಒಬ್ಬರು ಡಿಟಿಪಿ ಅಂಗಡಿ ಇಟ್ಟುಕೊಂಡಿದ್ದಾರೆ. ಮದುವೆ ಕಾಗದ, ಫ್ಲೆಕ್ಸ್, ಸ್ಮರಣ ಸಂಚಿಕೆ ಅವರ ಕೆಲಸ. ಅವರಿಗೆ ಒಂದು ದಿನ ಇಂಗ್ಲಿಷಿನಲ್ಲಿ ಕಾಗದ ಬಂತು: ನಿಮ್ಮ ಅಂಗಡಿಯ ಸಾಫ್ಟ್‌ವೇರುಗಳ ಪಟ್ಟಿ ಕೊಡಿ, ಲೈಸೆನ್ಸ್ ರಸೀದಿ ತೋರಿಸಿ, ಇಷ್ಟು ದಿನದೊಳಗೆ ಸರಿಪಡಿಸದಿದ್ದರೆ ಕಾನೂನು ಕ್ರಮ. ಬಂದದ್ದು ಪೊಲೀಸರಿಂದಲೂ ಅಲ್ಲ, ಕೋರ್ಟಿನಿಂದಲೂ ಅಲ್ಲ, ಒಂದು ಕಂಪನಿಯ ಪರವಾಗಿ ಬರೆಯುವವರಿಂದ. ಆದರೆ ಓದಿದ ಮನುಷ್ಯನಿಗೆ ಮೂರು ರಾತ್ರಿ ನಿದ್ದೆ ಇಲ್ಲ. ಹೆದರಿಕೆಗೆ ಆಧಾರವೂ ಉಂಟು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನಲ್ಲಿ, ನಕಲಿ ಪ್ರೋಗ್ರಾಂ ಎಂದು ಗೊತ್ತಿದ್ದೂ ಕಂಪ್ಯೂಟರಿನಲ್ಲಿ ಬಳಸಿದರೆ 7 ದಿನದಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ ಎಂದಿದೆ. ಎಲ್ಲರನ್ನೂ ಹಿಡಿಯುವುದಿಲ್ಲ. ಹಿಡಿಯುವ ಅಗತ್ಯವೂ ಇಲ್ಲ. ಊರಿಗೊಬ್ಬರಿಗೆ ಕಾಗದ ಬಂದರೆ ಸಾಕು, ಉಳಿದವರು ತಾವೇ ಹೋಗಿ ಲೈಸೆನ್ಸ್ ತೆಗೆದುಕೊಳ್ಳುತ್ತಾರೆ.

ಹಣ ಕೊಟ್ಟು ಕೊಂಡವರಾದರೂ ಮಾಲೀಕರಾ? ಅದೂ ಇಲ್ಲ. ಲ್ಯಾಪ್‌ಟಾಪ್ ಜೊತೆಗೆ ಬರುವ ವಿಂಡೋಸ್ ಸಾಮಾನ್ಯವಾಗಿ ಆ ಯಂತ್ರಕ್ಕೆ ಕಟ್ಟಿದ ಅನುಮತಿ. ಯಂತ್ರ ಸತ್ತರೆ ಅನುಮತಿಯೂ ಸತ್ತಿತು, ಹೊಸ ಯಂತ್ರಕ್ಕೆ ಅದನ್ನು ಒಯ್ಯುವ ಹಾಗಿಲ್ಲ. ಅಡೋಬಿ 2013ರಿಂದ ತನ್ನ ಮುಖ್ಯ ಸಾಫ್ಟ್‌ವೇರುಗಳನ್ನು ಮಾರುವುದನ್ನೇ ಬಿಟ್ಟು ಬಾಡಿಗೆಗೆ ಇಳಿಯಿತು. ತಿಂಗಳ ಬಾಡಿಗೆ ನಿಂತರೆ ನಾವೇ ಮಾಡಿದ ಫೈಲನ್ನು ನಾವೇ ತಿದ್ದುವ ಹಾಗಿಲ್ಲ.

ಇಲ್ಲೇ ಕೇರಳದ ಕಥೆ ಹೇಳಬೇಕು. ಮಂಗಳೂರಿನ ನೆಂಟರಿಗೆ ಇದು ಗೊತ್ತೇ ಇಲ್ಲ, ನಮ್ಮವರಿಗೂ ಮರೆತುಹೋಗಿದೆ. 2001ರ ಹೊತ್ತಿಗೆ ಐಟಿ ಅಟ್ ಸ್ಕೂಲ್ ಯೋಜನೆ ಶುರುವಾದಾಗ ಪಾಠವೆಲ್ಲ ವಿಂಡೋಸಿನ ಮೇಲೇ ಇತ್ತು. ಅದೇ ಕಾಲದಲ್ಲಿ ಮೈಕ್ರೋಸಾಫ್ಟ್ ಪ್ರಾಜೆಕ್ಟ್ ಶಿಕ್ಷಾ ಎಂಬ ಹೆಸರಿನಲ್ಲಿ ಹಲವು ರಾಜ್ಯ ಸರ್ಕಾರಗಳ ಜೊತೆ ಒಪ್ಪಂದ ಮಾಡಿಕೊಂಡು ಶಿಕ್ಷಕರಿಗೆ ತರಬೇತಿ ಕೊಡಲು ಹೊರಟಿತ್ತು. ದಾನವೇ ಇರಬಹುದು. ಆದರೆ ಬೀಡಿ ಕಂಪನಿಯವರು ಶಾಲೆಗೆ ಬಂದು ಬೆಂಕಿಪೊಟ್ಟಣ ದಾನ ಮಾಡಿದರೆ ನಾವು ಸುಮ್ಮನೆ ತೆಗೆದುಕೊಳ್ಳುತ್ತೇವಾ? ಇಲ್ಲಿ ಅಧ್ಯಾಪಕರೇ ಎದ್ದು ನಿಂತರು. ಸರ್ಕಾರಿ ಶಾಲೆಯ ಮಕ್ಕಳನ್ನು ಒಂದು ಕಂಪನಿಯ ಗಿರಾಕಿಗಳಾಗಿ ತಯಾರು ಮಾಡುವುದು ನಮ್ಮ ಕೆಲಸವಲ್ಲ ಎಂದರು. 2001ರ ಜುಲೈಯಲ್ಲಿ ತಿರುವನಂತಪುರದಲ್ಲಿ ಫ್ರೀ ಸಾಫ್ಟ್‌ವೇರ್ ಫೌಂಡೇಶನಿನ ಭಾರತದ ಶಾಖೆ ಶುರುವಾಗಿತ್ತು. 2006ರ ಆಗಸ್ಟಿನಲ್ಲಿ ರಿಚರ್ಡ್ ಸ್ಟಾಲ್‌ಮನ್ ಮತ್ತೆ ಬಂದಾಗ ಮುಖ್ಯಮಂತ್ರಿ ವಿ.ಎಸ್. ಅಚ್ಯುತಾನಂದನ್, ಶಿಕ್ಷಣ ಮಂತ್ರಿ ಎಂ.ಎ. ಬೇಬಿ. ಹೈಸ್ಕೂಲುಗಳು ಪೂರ್ತಿ ಸ್ವತಂತ್ರ ತಂತ್ರಾಂಶಕ್ಕೆ ತಿರುಗಿದವು. ಅದೇ ತಿಂಗಳು ಕೇರಳ ಸರ್ಕಾರ ಕೋಕ್, ಪೆಪ್ಸಿಗಳನ್ನೂ ನಿಷೇಧಿಸಿತ್ತು. ಕೋಲಾ ನಿಷೇಧ ಹೈಕೋರ್ಟಿನಲ್ಲಿ ಬಿದ್ದುಹೋಯಿತು. ಶಾಲೆಯ ಲಿನಕ್ಸ್ ಮಾತ್ರ ಉಳಿಯಿತು, ಯಾಕೆಂದರೆ ಅದರಲ್ಲಿ ಯಾರನ್ನೂ ನಿಷೇಧಿಸುವ ಪ್ರಶ್ನೆಯೇ ಇರಲಿಲ್ಲ.

2019ರಲ್ಲಿ ಕೈಟ್ ಸಂಸ್ಥೆ, ಅಂದರೆ ಹಳೆಯ ಐಟಿ ಅಟ್ ಸ್ಕೂಲ್, ಉಬುಂಟು ಆಧಾರದ ಹೊಸ ಆವೃತ್ತಿ ಬಿಟ್ಟಾಗ 2 ಲಕ್ಷ ಕಂಪ್ಯೂಟರುಗಳಿಂದ 3000 ಕೋಟಿ ರೂಪಾಯಿ ಉಳಿತಾಯ ಎಂದು ಹೇಳಿತು. ಒಂದು ಕಂಪ್ಯೂಟರಿಗೆ ಒಂದೂವರೆ ಲಕ್ಷದ ಲೆಕ್ಕ. ನನಗೆ ಆ ಲೆಕ್ಕ ಸ್ವಲ್ಪ ಜಾಸ್ತಿ ಅನಿಸುತ್ತದೆ. ಎಲ್ಲ ಸಾಫ್ಟ್‌ವೇರನ್ನೂ ಅಂಗಡಿಯ ಪೂರ್ತಿ ದರಕ್ಕೆ ಯಾವ ಸರ್ಕಾರವೂ ಕೊಳ್ಳುವುದಿಲ್ಲ, ಕಂಪನಿಗಳು ಶಾಲೆಗೆ ರಿಯಾಯಿತಿ ಕೊಟ್ಟೇ ಕೊಡುತ್ತವೆ. ಅದು ಅರ್ಧಕ್ಕರ್ಧ ಇಳಿದರೂ ದೊಡ್ಡ ಮೊತ್ತವೇ. ಅದಕ್ಕಿಂತ ದೊಡ್ಡದು, ಯಾವ ಕಾಗದಕ್ಕೂ ಹೆದರಬೇಕಿಲ್ಲದೆ ಶಾಲೆಯವರು ಒಂದು ಸಿಡಿಯಿಂದ ಹತ್ತು ಯಂತ್ರಕ್ಕೆ, ಹತ್ತು ಮನೆಗೆ ಹಾಕಿಕೊಡಬಹುದಾಗಿದ್ದದ್ದು. ಕಾನೂನಿನ ಒಳಗೇ.

ಅದು ಹೇಗೆ ಕಾನೂನಿನೊಳಗೆ ಎಂದರೆ, ಸ್ವತಂತ್ರ ತಂತ್ರಾಂಶಕ್ಕೂ ಲೈಸೆನ್ಸ್ ಉಂಟು. ಜಿಪಿಎಲ್ ಎಂಬ ಲೈಸೆನ್ಸ್ ನಿಂತಿರುವುದು ಕೃತಿಸ್ವಾಮ್ಯ ಕಾಯ್ದೆಯ ಮೇಲೆಯೇ. ಬರೆದವನು ತನ್ನ ಹಕ್ಕನ್ನು ಬಿಟ್ಟುಕೊಟ್ಟಿಲ್ಲ. ನೀವು ಬಳಸಿ, ತಿದ್ದಿ, ಹಂಚಿ, ಮಾರಲೂ ಬಹುದು, ಆದರೆ ನಿಮ್ಮಿಂದ ಪಡೆದವರಿಗೂ ಇದೇ ಹಕ್ಕನ್ನೂ ಮೂಲ ಕೋಡನ್ನೂ ಕೊಡಬೇಕು ಎಂದು ಷರತ್ತು ಹಾಕಿದ್ದಾನೆ. ಬೀಗ ಮಾಡುವವನ ಕಬ್ಬಿಣದಿಂದಲೇ ಬಾಗಿಲ ಚಿಲಕ ಮಾಡಿದ ಹಾಗೆ.

ದೊಡ್ಡ ಕಂಪನಿಗಳಿಗೆ ಕಂಡದ್ದು ಇದೇ ಅಪಾಯ. 2001ರಲ್ಲಿ ಮೈಕ್ರೋಸಾಫ್ಟಿನ ಸ್ಟೀವ್ ಬಾಲ್ಮರ್ ಲಿನಕ್ಸನ್ನು ಕ್ಯಾನ್ಸರಿಗೆ ಹೋಲಿಸಿದರು. 2003ರಲ್ಲಿ ಎಸ್‌ಸಿಒ ಎಂಬ ಅಮೆರಿಕದ ಕಂಪನಿ, ಲಿನಕ್ಸಿನೊಳಗೆ ತನ್ನ ಯುನಿಕ್ಸ್ ಕೋಡ್ ಸೇರಿದೆ ಎಂದು ಐಬಿಎಂ ಮೇಲೆ 100 ಕೋಟಿ ಡಾಲರಿನ ದಾವೆ ಹೂಡಿತು. ಅಲ್ಲಿಗೆ ನಿಲ್ಲಲಿಲ್ಲ, ಸುಮಾರು 1500 ದೊಡ್ಡ ಕಂಪನಿಗಳಿಗೆ ಎಚ್ಚರಿಕೆಯ ಕಾಗದ ಕಳಿಸಿತು, ಲಿನಕ್ಸ್ ಬಳಸುವವರು ಒಂದು ಸರ್ವರಿಗೆ 699 ಡಾಲರ್ ಕಟ್ಟಿ ಎಂದಿತು. ಅದೇ ವರ್ಷ ಮೈಕ್ರೋಸಾಫ್ಟ್ ಎಸ್‌ಸಿಒದಿಂದ ಲೈಸೆನ್ಸ್ ಖರೀದಿಸಿ ಅದರ ಕಿಸೆಗೆ ಹಣ ಹಾಕಿತು. ಕೊನೆಗೆ ಏನಾಯಿತು? 2010ರಲ್ಲಿ ಜ್ಯೂರಿ ಆ ಯುನಿಕ್ಸ್ ಕೃತಿಸ್ವಾಮ್ಯ ನೊವೆಲ್ ಕಂಪನಿಯದ್ದು, ಎಸ್‌ಸಿಒದ್ದೇ ಅಲ್ಲ ಎಂದಿತು. ಐಬಿಎಂ ಜೊತೆಗಿನ ದಾವೆ ಪೂರ್ತಿ ಮುಗಿಯುವಾಗ 2021 ಆಗಿತ್ತು. ಹದಿನೆಂಟು ವರ್ಷ. ಗೆಲ್ಲುವುದು ಅಲ್ಲಿ ಮುಖ್ಯವೇ ಅಲ್ಲ. ಆಫೀಸಿನ ಮ್ಯಾನೇಜರ್ ಒಬ್ಬ "ಲಿನಕ್ಸಾ? ಕೇಸುಗೀಸು ಉಂಟಂತೆ, ಬೇಡ" ಎಂದರೆ ಅಷ್ಟು ದಿನಕ್ಕೆ ಅಷ್ಟೇ ಗೆಲುವು.

ನಮ್ಮ ದೇಶದಲ್ಲೂ ಪ್ರಯತ್ನ ನಡೆದಿತ್ತು. ಕಂಪ್ಯೂಟರ್ ಪ್ರೋಗ್ರಾಮಿಗೆ ಅದಾಗಿಯೇ ಪೇಟೆಂಟ್ ಇಲ್ಲ ಎಂಬುದು ಪೇಟೆಂಟ್ ಕಾಯ್ದೆಯ 3(ಕೆ) ಕಲಮು. 2004ರ ಡಿಸೆಂಬರಿನ ಸುಗ್ರೀವಾಜ್ಞೆ ಅದನ್ನು ಸಡಿಲಿಸಲು ಹೊರಟಿತು. ಎಡಪಕ್ಷಗಳು ಪಟ್ಟು ಹಿಡಿದದ್ದರಿಂದ 2005ರ ಕಾಯ್ದೆಯಲ್ಲಿ ಆ ಸಾಲು ಬಿದ್ದುಹೋಯಿತು. ಈಗ ಮೈಕ್ರೋಸಾಫ್ಟ್ ಮುಕ್ತ ತಂತ್ರಾಂಶದ ಗೆಳೆಯ ಎನ್ನುತ್ತದೆ, 2018ರಲ್ಲಿ ಗಿಟ್‌ಹಬ್ಬನ್ನೇ ಕೊಂಡಿತು. ಇರಲಿ. ಗೆಳೆತನ ಬಂದದ್ದು ಮನಸ್ಸು ಕರಗಿ ಅಲ್ಲ, ಸರ್ವರುಗಳ ಲೋಕದಲ್ಲಿ ಲಿನಕ್ಸ್ ಗೆದ್ದ ಮೇಲೆ.

ಇದೆಲ್ಲ ಅಮೆರಿಕದ ಮಾತಾಯಿತು, ನಮಗೇನು ಎನ್ನುವವರು ತಮ್ಮ ಊರಿನ ಸಂಘದ ಹಳೆಯ ಸ್ಮರಣ ಸಂಚಿಕೆಯ ಫೈಲನ್ನು ಒಮ್ಮೆ ತೆರೆದು ನೋಡಲಿ. ಪೇಜ್‌ಮೇಕರಿನಲ್ಲಿ, ಶ್ರೀಲಿಪಿ ಅಕ್ಷರದಲ್ಲಿ ಮಾಡಿದ್ದು. ಪೇಜ್‌ಮೇಕರಿನ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಶ್ರೀಲಿಪಿಗೆ ಕಂಪ್ಯೂಟರಿನ ಹಿಂದೆ ಚುಚ್ಚುವ ಡಾಂಗಲ್ ಬೇಕಿತ್ತು. ಡಾಂಗಲ್ ಕಳೆದಿದೆ, ಅಂಗಡಿ ಮುಚ್ಚಿದೆ, ಫೈಲ್ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಸ. ನಮ್ಮ ಹಿರಿಯರ ಸಂದರ್ಶನಗಳು, ಊರಿನ ಮಸೀದಿಯ ಚರಿತ್ರೆ, ತೀರಿಹೋದವರು ಕೈಯಾರೆ ಬರೆದುಕೊಟ್ಟ ನೆನಪುಗಳು ಎಲ್ಲ ಅದರೊಳಗೆ. ಅಚ್ಚಾದ ಪ್ರತಿ ಗೆದ್ದಲು ತಿನ್ನದೆ ಉಳಿದಿದ್ದರೆ ಪುಣ್ಯ.

ಪುಕ್ಕಟೆ ಕೊಟ್ಟದ್ದೆಲ್ಲ ಮುಕ್ತವಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಕನ್ನಡ ಗಣಕ ಪರಿಷತ್ತಿನ ನುಡಿಯನ್ನು ಕರ್ನಾಟಕ ಸರ್ಕಾರ ಉಚಿತವಾಗಿ ಹಂಚಿತು, ಆದರೆ ಅದರ ಮೂಲ ಕೋಡ್ ಜನರ ಕೈಗೆ ಬರಲಿಲ್ಲ. ಬರಹ ಮೊದಲು ಉಚಿತವಿತ್ತು, ಆಮೇಲೆ ಹಣ ಕೊಡಬೇಕಾಯಿತು. ಶೇಷಾದ್ರಿವಾಸು ಅವರು ಒಬ್ಬರೇ ಬೆವರು ಸುರಿಸಿ ಮಾಡಿದ್ದು, ಹಣ ಕೇಳುವ ಹಕ್ಕು ಅವರಿಗೆ ಪೂರ್ತಿ ಉಂಟು, ಕನ್ನಡಿಗರು ಅವರಿಗೆ ಋಣಿಗಳು. ನನ್ನ ಮಾತು ಇಷ್ಟೇ: ಒಂದು ಭಾಷೆಯ ಬರವಣಿಗೆ ಒಬ್ಬರ ಮನಸ್ಸಿನ ಮೇಲೆ ನಿಲ್ಲಬಾರದು. ಗುಬ್ಬಿ, ನವಿಲು ಎಂಬ ಫಾಂಟುಗಳನ್ನು ನೋಡಿ. ಮುಕ್ತ ಲೈಸೆನ್ಸಿನಲ್ಲಿ ಇರುವುದರಿಂದ ಮಾಡಿದವರು ನಾಳೆ ಬೇರೆ ಕೆಲಸಕ್ಕೆ ಹೋದರೂ ಇನ್ನೊಬ್ಬರು ಒತ್ತಕ್ಷರ ತಿದ್ದಿ ಮುಂದುವರಿಸಬಹುದು.

ಈಗ ನಮ್ಮ ಬ್ಯಾರಿಗೆ ಬನ್ನಿ. ಕರ್ನಾಟಕ ಬ್ಯಾರಿ ಸಾಹಿತ್ಯ ಅಕಾಡೆಮಿ ಹೊಸ ಲಿಪಿ ತಂದಿದೆ. ಲಿಪಿ ಬೇಕಿತ್ತೋ ಬೇಡವೋ ಎಂಬ ಜಗಳಕ್ಕೆ ನಾನು ಇಲ್ಲ. ಆದರೆ ಯೂನಿಕೋಡ್‌ನಲ್ಲಿ ಸ್ಥಾನವಿಲ್ಲದ ಲಿಪಿಗೆ ಫಾಂಟೇ ಸರ್ವಸ್ವ. ಆ ಫಾಂಟ್ ಯಾರ ಹೆಸರಿನಲ್ಲಿದೆಯೋ ಅವರ ಕೈಯಲ್ಲಿ ಆ ಲಿಪಿಯ ಪುಸ್ತಕ, ಪತ್ರಿಕೆ, ಮಕ್ಕಳ ಪಾಠ ಎಲ್ಲ. ತುಳು-ತಿಗಳಾರಿಗೆ ಯೂನಿಕೋಡ್‌ನಲ್ಲಿ ಜಾಗ ಸಿಕ್ಕಿದ್ದು 2024ರಲ್ಲಿ. ನಮ್ಮ ಸರದಿ ಎಂದೋ. ಅಲ್ಲಿಯವರೆಗೆ ಬ್ಯಾರಿಗಾಗಿ ಯಾವ ದೊಡ್ಡ ಕಂಪನಿಯೂ ಕೀಬೋರ್ಡ್ ಮಾಡಲು ಓಡಿ ಬರುವುದಿಲ್ಲ, ನಮ್ಮ ಮಾರ್ಕೆಟ್ ಅಷ್ಟು ದೊಡ್ಡದಲ್ಲ. ಮಾಡಬೇಕಾದವರು ನಾವೇ, ನಮ್ಮ ಮಕ್ಕಳೇ. ಅಕಾಡೆಮಿಯ ಮುಂದೆ ನನ್ನ ಬೇಡಿಕೆ ಸ್ಪಷ್ಟ: ಬ್ಯಾರಿಗಾಗಿ ಮಾಡಿಸುವ ಪ್ರತಿ ಫಾಂಟ್, ಪ್ರತಿ ನಿಘಂಟಿನ ಫೈಲ್ ಓಪನ್ ಫಾಂಟ್ ಲೈಸೆನ್ಸಿನಂಥ ಮುಕ್ತ ಲೈಸೆನ್ಸಿನಲ್ಲೇ ಹೊರಬರಬೇಕು, ಗುತ್ತಿಗೆ ಪತ್ರದಲ್ಲಿ ಅದನ್ನು ಮೊದಲೇ ಬರೆಯಬೇಕು. ಸಾರ್ವಜನಿಕರ ಹಣದಲ್ಲಿ ಮಾಡಿಸಿದ್ದು ಸಾರ್ವಜನಿಕರ ಕೈಗೇ ಬರಲಿ.

ನಮ್ಮ ಮಕ್ಕಳಿಂದ ಆಗುತ್ತದಾ ಎಂದು ಕೇಳಬೇಡಿ. ಇನ್‌ಸ್ಕ್ರಿಪ್ಟ್ ಕೀಬೋರ್ಡಿನಲ್ಲಿ ಮಲಯಾಳದ 'ಕ' ಇರುವ ಕೀಲಿಯಲ್ಲೇ ಕನ್ನಡದ 'ಕ'ವೂ ಇದೆ. ಮಲಯಾಳ ಟೈಪಿಂಗ್ ಕಲಿತ ಮಂಜೇಶ್ವರದ ಹುಡುಗನ ಬೆರಳಿಗೆ ಕನ್ನಡ ಬೇರೆ ಕಲಿಸಬೇಕಿಲ್ಲ, ಬ್ಯಾರಿ ಬಾಸೆಯನ್ನು ಎರಡು ಲಿಪಿಯಲ್ಲೂ ಬರೆಯುತ್ತಾನೆ. ಆ ಕೀಬೋರ್ಡ್ ವಿನ್ಯಾಸ ಯಾರ ಖಾಸಗಿ ಸೊತ್ತೂ ಅಲ್ಲ.

ತೊಂದರೆ ಇಲ್ಲ ಎಂದು ನಾನು ಹೇಳುವುದಿಲ್ಲ. ಟ್ಯಾಲಿಯಲ್ಲಿ ಲೆಕ್ಕ ಬರೆಯುವ ಅಂಗಡಿಯವರಿಗೆ ವಿಂಡೋಸ್ ಬಿಟ್ಟು ಸುಲಭದ ದಾರಿ ಇಲ್ಲ. ಕೆಲವು ಪ್ರಿಂಟರ್ ಲಿನಕ್ಸಿನಲ್ಲಿ ಹಟ ಮಾಡುತ್ತದೆ. ಮಂಗಳೂರಿನ ಕೆಲಸದ ಜಾಹೀರಾತಿನಲ್ಲಿ "ಎಂಎಸ್ ಆಫೀಸ್ ಗೊತ್ತಿರಬೇಕು" ಎಂದೇ ಇರುತ್ತದೆ, ಹತ್ತು ವರ್ಷ ಲಿಬ್ರೆಆಫೀಸ್ ಕಲಿತ ನಮ್ಮ ಹುಡುಗಿ ಅದನ್ನು ನೋಡಿ ಹಿಂಜರಿಯುತ್ತಾಳೆ. ಹಿಂಜರಿಯಬೇಕಾಗಿಲ್ಲ, ಒಂದು ವಾರದಲ್ಲಿ ಕೈ ಹೊಂದುತ್ತದೆ. ಬೇಕಾದವರು ಹಣ ಕೊಟ್ಟೇ ವಿಂಡೋಸ್ ತೆಗೆದುಕೊಳ್ಳಲಿ, ಅದು ಅವರವರ ಇಷ್ಟ. ಕದ್ದು ಬಳಸಿ, ಹೆದರಿ ಬದುಕಿ, ಕೊನೆಗೆ ಅವರಿಗೇ ಗಿರಾಕಿಯಾಗುವ ಈ ಮೂರನೇ ದಾರಿ ಮಾತ್ರ ನನಗೆ ಅರ್ಥವಾಗುವುದಿಲ್ಲ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಚಿಪ್ ಬೇಕು, ಸಂಘದ ಆಫೀಸುಗಳ ಹಳೆಯ ಯಂತ್ರಗಳಲ್ಲಿ ಅದು ಇರುವುದು ಕಡಿಮೆ. ಈಗ ಕಮಿಟಿಗಳಲ್ಲಿ ಹೊಸ ಕಂಪ್ಯೂಟರಿಗೆ ಚಂದಾ ಎತ್ತುವ ಮಾತು ಶುರುವಾಗಿದೆ. ಚಂದಾ ಪುಸ್ತಕ ಅಚ್ಚು ಹಾಕಿಸುವ ಮುಂಚೆ ಶಾಲೆಯ ಐಟಿ ಟೀಚರನ್ನು ಒಂದು ಭಾನುವಾರ ಚಾಯಕ್ಕೆ ಕರೆಯಿರಿ. ಅವರು ಪೆನ್‌ಡ್ರೈವ್ ತರುತ್ತಾರೆ. ಮೊದಲು ಹಳೆಯ ಫೈಲುಗಳನ್ನು ಬೇರೆ ಕಡೆ ಉಳಿಸಿಕೊಳ್ಳಿ, ಆಮೇಲೆ ಇನ್‌ಸ್ಟಾಲ್ ಮಾಡದೆಯೇ ಪೆನ್‌ಡ್ರೈವಿನಿಂದ ಒಂದು ಗಂಟೆ ಓಡಿಸಿ ನೋಡಿ. ಪ್ರಿಂಟರ್ ಹಿಡಿಯುತ್ತದಾ, ಕನ್ನಡ ಸರಿ ಕಾಣುತ್ತದಾ ಅಂತ ಅಲ್ಲೇ ಗೊತ್ತಾಗುತ್ತದೆ. ಮಗಳು ಜೊತೆಗಿದ್ದರೆ ಟೀಚರೂ ಬೇಡ, ಅವಳಿಗೇ ಗೊತ್ತುಂಟು.