ಮರವೇ ಸಾಕು

ಕಳೆದ ಭಾನುವಾರ ಬೆಳಗ್ಗೆ ನನ್ನ ತಂಗಿಯ ಮಗ ನಮ್ಮ ಮನೆಗೆ ಬಂದ. ಒಂಬತ್ತನೆಯ ತರಗತಿಯ ಹುಡುಗ. ಟೇಬಲ್ ಟೆನ್ನಿಸ್ ಎಂದರೆ ಊಟ ನಿದ್ರೆಗಳನ್ನು ಮರೆಯುವವನು. ಚೀಟಿಯೊಂದನ್ನು ನನ್ನ ಮುಂದಿಟ್ಟು, "ಮಾವ, ನನಗೆ ಈ ಕಾರ್ಬನ್ ಬ್ಲೇಡೇ ಬೇಕು. ಅಮ್ಮ ಕೊಡಿಸುತ್ತೇನೆಂದಿದ್ದಾಳೆ. ನೀವೊಂದು ಮಾತು ಹೇಳಿದರೆ ಅಪ್ಪನೂ ಒಪ್ಪುತ್ತಾರೆ" ಎಂದ. ಚೀಟಿಯಲ್ಲಿದ್ದ ಬೆಲೆಯನ್ನು ನೋಡುತ್ತ ಕುಳಿತವನ ಕೈಯಲ್ಲೇ ಕಾಫಿ ಆರಿಹೋಯಿತು. ಅದು ತಂಗಿ ಹೊಸ ಕನ್ನಡಕಕ್ಕೆಂದು ಕೂಡಿಟ್ಟ ಹಣವೆಂಬುದು ನನಗೆ ಗೊತ್ತಿತ್ತು, ಹುಡುಗನಿಗೆ ಗೊತ್ತಿರಲಿಲ್ಲ.

ಇಂತಹ ಚೀಟಿ ಓದುಗರಲ್ಲಿ ಅನೇಕರ ಮನೆಗೂ ಬಂದಿರಬಹುದು. ಆದುದರಿಂದ ಅಂದು ಅವನಿಗೆ ಹೇಳಿದುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಬ್ಯಾಟಿನ ಎರಡು ಮೈಗಳ ರಬ್ಬರನ್ನು ತೆಗೆದರೆ ಉಳಿಯುವ ಹಲಗೆ ಮತ್ತು ಹಿಡಿಗೆ ಬ್ಲೇಡು ಎಂದು ಹೆಸರು. ಅದರ ದಪ್ಪದಲ್ಲಿ ಶೇಕಡ 85 ಭಾಗವಾದರೂ ಸಹಜವಾದ ಮರವಾಗಿರಬೇಕೆಂಬುದು ಅಂತರರಾಷ್ಟ್ರೀಯ ನಿಯಮ. ಎಂದ ಮೇಲೆ ಎಷ್ಟೇ ಬೆಲೆಯ ಕಾರ್ಬನ್ ಬ್ಲೇಡಾದರೂ ಬಹುಪಾಲು ಮರವೇ! ನಡುವೆ ಸೇರಿಸಿದ ತೆಳು ನಾರಿನ ಪದರ ಹಲಗೆಯನ್ನು ಬಿಗಿಗೊಳಿಸುತ್ತದೆ; ಚೆಂಡು ಚಿಮ್ಮಿ ಹೋಗುತ್ತದೆ. ಪಳಗಿದ ಕೈಗೆ ಅದು ವರ. ಕಲಿಯುವ ಕೈಗಾದರೋ, ಚೆಂಡು ತಾಗಿದ ಅರಿವು ಮೂಡುವ ಮೊದಲೇ ಅದು ಮೇಜನ್ನು ದಾಟಿರುತ್ತದೆ.

ಇದನ್ನು ಅನುಭವದಿಂದ ಹೇಳುತ್ತೇನೆ. ಮೊದಲ ತಿಂಗಳ ಸಂಬಳದಲ್ಲಿ ನಾನೂ ಅತಿವೇಗದ ಬ್ಯಾಟೊಂದನ್ನು ಕೊಂಡಿದ್ದೆ. ಬೀಸಿದ ಚೆಂಡೆಲ್ಲ ಗೋಡೆಗೆ! ಕ್ರಮೇಣ ಕೈ ಅಂಜಿತು; ತುಂಬು ಬೀಸು ಹೋಗಿ ಬರಿಯ ತಳ್ಳಾಟ ಉಳಿಯಿತು. ಬ್ಯಾಟನ್ನು ಬದಲಾಯಿಸುವುದು ಸುಲಭವಾಯಿತು. ಕೈಗೆ ಹತ್ತಿದ ಆ ಅಂಜಿಕೆಯನ್ನು ಬಿಡಿಸಲು ಎರಡು ವರ್ಷ ಹಿಡಿಯಿತು.

"ಸಲಕರಣೆಯಿಂದಲೇ ಗೆದ್ದವರಿಲ್ಲವೇ ಮಾವ?" ಎಂದ ಹುಡುಗ. ಇಲ್ಲದೆ ಏನು! 1952ರಲ್ಲಿ ಮುಂಬಯಿಯಲ್ಲಿ ನಡೆದ ವಿಶ್ವ ಸ್ಪರ್ಧೆಯಲ್ಲಿ ಜಪಾನಿನ ಹಿರೋಜಿ ಸಾಟೋ ದಪ್ಪ ಸ್ಪಂಜಿನ ಬ್ಯಾಟು ಹಿಡಿದು ಪುರುಷರ ಸಿಂಗಲ್ಸ್ ಪ್ರಶಸ್ತಿಯನ್ನು ಗೆದ್ದ. ಆದರೆ ಎದುರಾಳಿಗಳನ್ನು ತಬ್ಬಿಬ್ಬುಗೊಳಿಸಿದ್ದು ಹಲಗೆಯಲ್ಲ, ಅದರ ಮೇಲಿನ ಹೊದಿಕೆ. ಇಂದಿಗೂ ಚೆಂಡಿಗೆ ಸುತ್ತು ಕೊಡುವುದು ಮುಖ್ಯವಾಗಿ ರಬ್ಬರೇ. ಅದರ ಹಿಡಿತ ಕೆಲವೇ ತಿಂಗಳಲ್ಲಿ ಸವೆಯುತ್ತದೆ. ಒಳ್ಳೆಯ ಹಲಗೆ ಹಲವು ವರ್ಷ ಬಾಳುತ್ತದೆ. ಹಲಗೆಗೆ ಹಣವನ್ನೆಲ್ಲ ಸುರಿದು ಜಾರುವ ರಬ್ಬರಿನಲ್ಲಿ ಆಡುವುದು, ರೇಷ್ಮೆ ಅಂಗಿ ತೊಟ್ಟು ಬರಿಗಾಲಲ್ಲಿ ನಡೆದಂತೆ.

ಹಾಗಾದರೆ ಕೊಳ್ಳುವುದು ಯಾವುದನ್ನು? ಐದು ಪದರಗಳ ಅಪ್ಪಟ ಮರದ ಬ್ಲೇಡನ್ನು. ಸ್ಟಿಗಾ ಕಂಪೆನಿಯ ಆಲ್‌ರೌಂಡ್ ಕ್ಲಾಸಿಕ್, ಯಸಾಕ ಕಂಪೆನಿಯ ಸ್ವೀಡನ್ ಎಕ್ಸ್‌ಟ್ರಾ ಈ ಜಾತಿಯಲ್ಲಿ ಹೆಸರಾದವು. ಏಳು ಪದರದವು ಸಾಮಾನ್ಯವಾಗಿ ಹೆಚ್ಚು ಬಿಗಿ, ಹೆಚ್ಚು ವೇಗ; ಅವು ಮುಂದಿನ ಮಾತು.

ಅಂಗಡಿಯಲ್ಲಿ ಅವಸರ ಬೇಡ. ಬ್ಲೇಡನ್ನು ಗಾಜಿನ ಮೇಜಿನ ಅಂಚಿಗೆ, ಹಿಡಿ ಹೊರಗೆ ಚಾಚುವಂತೆ ಒತ್ತಿಟ್ಟು ಸೊಟ್ಟವಿದೆಯೇ ನೋಡಿ. ಅಂಚಿನಲ್ಲಿ ಪದರಗಳ ನಡುವೆ ಸಂದಿರಬಾರದು. ತೂಕ 80ರಿಂದ 90 ಗ್ರಾಂ ಇದ್ದರೆ ಸಾಕು. ರಬ್ಬರು ಸೇರಿದ ಮೇಲೆ ಅದು ಸುಮಾರು ಇಮ್ಮಡಿಯಾಗುತ್ತದೆಂಬುದನ್ನು ಮರೆಯದಿರಿ. ಬೆರಳ ಗೆಣ್ಣಿನಿಂದ ತಟ್ಟಿದಾಗ ಸ್ವರ ಏರಿದಷ್ಟೂ ಹಲಗೆ ಬಿಗಿ. ಹಿಡಿಯಲ್ಲಿ ತುದಿ ಅಗಲವಾದದ್ದು, ನೇರವಾದದ್ದು ಎಂಬ ಭೇದವುಂಟು. ಅದನ್ನು ಆಡುವವನ ಅಂಗೈಯೇ ನಿರ್ಣಯಿಸಲಿ. ಮನೆಗೆ ತಂದ ಮೇಲೆ ಅದನ್ನು ತೇವದಿಂದಲೂ ಬಿಸಿಲಿಗೆ ನಿಂತ ಕಾರಿನಿಂದಲೂ ದೂರವಿಡಬೇಕು, ಮರವಲ್ಲವೇ, ಸೊಟ್ಟಗಾದೀತು. ಅನೇಕ ವೇಳೆ ಹೆಸರುವಾಸಿಯಾದ ಒಂದು ಕಾರ್ಬನ್ ಬ್ಲೇಡಿನ ಬೆಲೆಯಲ್ಲಿ ಮರದ ಬ್ಲೇಡೂ ಎರಡು ಒಳ್ಳೆಯ ರಬ್ಬರೂ ಬಂದು ಚಿಲ್ಲರೆ ಉಳಿಯುತ್ತದೆ.

ಹುಡುಗ ಮುಖ ಸಣ್ಣದು ಮಾಡಿಕೊಂಡ. ನಾನು ಪೆಟ್ಟಿಗೆಯಿಂದ ನನ್ನ ಹಳೆಯ ಐದು ಪದರದ ಬ್ಯಾಟನ್ನು ತೆಗೆದು, "ಒಂದು ವಾರ ಆಡಿ ನೋಡು, ಆಮೇಲೆ ನಿನ್ನಿಷ್ಟ" ಎಂದು ಕಳುಹಿಸಿದೆ. ಕನ್ನಡಕದ ಮಾತನ್ನು ನಾನು ಎತ್ತಲಿಲ್ಲ.

ನಿನ್ನೆ ರಾತ್ರಿ ಫೋನು ಬಂತು. "ಪಂದ್ಯ ಸೋತೆ ಮಾವ. ಆದರೆ ಹೆದರಿ ಆಡಲಿಲ್ಲ, ಪೂರ್ತಿ ಬೀಸಿದೆ, ಚೆಂಡು ಮೇಜಿನ ಮೇಲೇ ಬಿತ್ತು" ಎಂದ. ಕೊಂಚ ತಡೆದು, "ಅಮ್ಮ ಪಂದ್ಯ ನೋಡಲು ಬಂದಿದ್ದಳು. ನಾನು ಎಷ್ಟರಲ್ಲಿ ಸೋತೆನೆಂದು ಕೇಳಿದಳು. ಅಂಕಗಳ ಫಲಕ ಅವಳಿಗೆ ಕಾಣಿಸಲೇ ಇಲ್ಲವಂತೆ. ಮರದ ಬ್ಲೇಡೇ ಸಾಕು ಮಾವ" ಎಂದ.