ಬಲಗೈ ಭಾಷೆ ಕೊಡದ ಸಂಕಮ್ಮ



ಊರು ಬಿಟ್ಟು ದುಡಿಯಲು ಹೋದವರ ಕುರಿತು ಊರಿನಲ್ಲಿ ಉಳಿದವರು ಎರಡು ಬಗೆಯಾಗಿ ವಿಚಾರಿಸುತ್ತಾರೆ. ಹೋದವನು ಗಂಡಾದರೆ ಎಷ್ಟು ಸಂಪಾದಿಸಿದನೆಂದು ಕೇಳುತ್ತಾರೆ. ಹೆಣ್ಣಾದರೆ ಹೇಗಿದ್ದಾಳೆಂದು ಕೇಳುತ್ತಾರೆ. ಈ ‘ಹೇಗಿದ್ದಾಳೆ’ ಎಂಬುದು ಕ್ಷೇಮವನ್ನು ಕುರಿತ ಪ್ರಶ್ನೆಯಲ್ಲವೆಂಬುದು ಕೇಳುವವರಿಗೂ ಗೊತ್ತು, ಹೇಳುವವರಿಗೂ ಗೊತ್ತು.

ಕನಕಪುರ ತಾಲ್ಲೂಕಿನ ಉಯ್ಯಂಬಳ್ಳಿ ಹೋಬಳಿಯೂ ಇದಕ್ಕೆ ಹೊರತಾದುದಲ್ಲ. ಮಳೆಯನ್ನೇ ನಂಬಿದ ರಾಗಿಯ ಹೊಲ, ಹಿಪ್ಪುನೇರಳೆಯ ತೋಟ, ರೇಷ್ಮೆಹುಳುವಿನ ಮನೆ, ಕಾಡಿನಿಂದ ಇಳಿದು ಬೆಳೆಯನ್ನು ತುಳಿಯುವ ಆನೆಗಳು. ಇವುಗಳ ನಡುವೆ ಬೆಳೆದ ಮಕ್ಕಳು ಹಾರೋಹಳ್ಳಿ, ಬಿಡದಿಗಳ ಕಾರ್ಖಾನೆಗಳಿಗೂ ಬೆಂಗಳೂರಿನ ಗಾರ್ಮೆಂಟ್ಸ್‌ಗಳಿಗೂ ದುಡಿಯಲು ಹೋಗುವುದು ಸಹಜವೇ ಆಗಿದೆ. 2025ರಲ್ಲಿ ರಾಮನಗರ ಜಿಲ್ಲೆಯ ಹೆಸರೇ ಬೆಂಗಳೂರು ದಕ್ಷಿಣವೆಂದಾಯಿತು. ಊರು ಇದ್ದಲ್ಲಿಯೇ ಇದ್ದು ಬೆಂಗಳೂರಿನ ಹೆಸರನ್ನು ಹೊತ್ತುಕೊಂಡಿತು. ಆದರೆ ಬೆಂಗಳೂರಿಗೆ ಹೋದ ಹೆಣ್ಣುಮಗಳನ್ನು ಕಾಣುವ ನೋಟ ಮಾತ್ರ ಹಾಗೆಯೇ ಉಳಿದಿದೆ.

ಶಿವರಾತ್ರಿ ಸಮೀಪಿಸಿದಾಗ ಈ ಭಾಗದ ಭಕ್ತರು ಅರ್ಕಾವತಿಯು ಕಾವೇರಿಯನ್ನು ಕೂಡುವ ಸಂಗಮದ ಕಡೆಗೆ ಇಳಿದು, ಹೊಳೆಯನ್ನು ದಾಟಿ, ಕಾಡುದಾರಿಯಲ್ಲಿ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋಗುವುದು ವಾಡಿಕೆ. ಆ ಮಾದಪ್ಪನೂ ವಲಸೆ ಬಂದವನೇ. ಜನಪದ ಕಾವ್ಯದ ಪ್ರಕಾರ ಆತ ಉತ್ತರದಿಂದ ಹೊರಟು, ಶ್ರೀಶೈಲವನ್ನು ಕಂಡು, ಸುತ್ತೂರು, ಕುಂತೂರು ಮಠಗಳಲ್ಲಿ ಸೇವೆ ಮಾಡಿ, ರಾಗಿ ಬೀಸಿ, ಕೊನೆಗೆ ಏಳುಮಲೆಯನ್ನು ಸೇರಿದನು. ದೇವರ ಗುಡ್ಡರು ಕಂಸಾಳೆ ಹಿಡಿದು ಹಾಡುವ ಈ ಕಾವ್ಯವನ್ನು 1973ರಲ್ಲಿ ಡಾ. ಪಿ.ಕೆ. ರಾಜಶೇಖರ ಅವರು ಗ್ರಂಥರೂಪಕ್ಕೆ ತಂದರು. ಅದರಲ್ಲಿ ಜನರು ಅತ್ಯಂತ ಪ್ರೀತಿಯಿಂದ ಕೇಳುವ ಭಾಗವೆಂದರೆ ಸಂಕಮ್ಮನ ಸಾಲು.

ಸೋಲಿಗರ ನೀಲೇಗೌಡನು ಕಾಡಿಗೆ ಹೊರಟು ನಿಂತಿದ್ದಾನೆ. ಬಹುಕಾಲ ಮನೆಗೆ ಬರುವಂತಿಲ್ಲ. ಹೊರಡುವ ಮುನ್ನ ಮಡದಿಯಾದ ಸಂಕಮ್ಮನನ್ನು ಕರೆದು, ತಾನಿಲ್ಲದ ಕಾಲದಲ್ಲಿ ಶೀಲಗೆಡುವುದಿಲ್ಲವೆಂದು ಬಲಗೈ ಮುಟ್ಟಿ ಭಾಷೆ ಕೊಡು ಎನ್ನುತ್ತಾನೆ. ಸಂಕಮ್ಮ ಕೊಡುವುದಿಲ್ಲ. ಇಲ್ಲಿ ಓದುಗರು ತುಸು ನಿಲ್ಲಬೇಕು. ಆಕೆ ತಪ್ಪು ಮಾಡಿದವಳಲ್ಲ, ಮಾಡುವ ಮನಸ್ಸುಳ್ಳವಳೂ ಅಲ್ಲ. ಒಂದು ಮಾತು ಆಡಿದ್ದರೆ ಗಂಡನು ಸಮಾಧಾನದಿಂದ ಹೋಗುತ್ತಿದ್ದನು. ಆದರೂ ಕೈ ಚಾಚಲಿಲ್ಲ. ಭಾಷೆ ಕೇಳಿದ ಗಳಿಗೆಯಲ್ಲಿಯೇ ನಂಬಿಕೆ ಇಲ್ಲವಾಯಿತೆಂಬುದನ್ನು ಆಕೆ ಅರಿತಿದ್ದಳು. ಹೊರಗೆ ಹೋಗುತ್ತಿರುವವನು ಆತ; ಕಾಡಿನಲ್ಲಿ ಯಾರ ಜೊತೆ ಇರುವನೋ ತಿಳಿಯದು. ಆದರೂ ಆತನ ಬಲಗೈಯನ್ನು ಯಾರೂ ಕೇಳಲಿಲ್ಲ. ಕೋಪಗೊಂಡ ನೀಲೇಗೌಡನು ಹಿಂಸಿಸಿ, ಗುಡಿಸಲಿನಲ್ಲಿ ಕೂಡಿಹಾಕಿ, ಮಾಟಮಂತ್ರದ ಕಾವಲಿಟ್ಟು ಹೋಗುತ್ತಾನೆ. ಜಂಗಮನಾಗಿ ಬಂದ ಮಾದಪ್ಪನು ಆಕೆಯನ್ನು ಬಿಡಿಸಿ ಮಕ್ಕಳ ಫಲವನ್ನು ಕರುಣಿಸುತ್ತಾನೆ. ಹುಟ್ಟಿದವರು ಕಾರಯ್ಯ, ಬಿಲ್ಲಯ್ಯ. ಮೊದಲು ಭಾಷೆ ಕೊಡು, ಆಮೇಲೆ ಬಿಡಿಸುವೆನೆಂದು ದೇವರು ಹೇಳಲಿಲ್ಲ.

ಇಂದಿನ ಗುಡಿಸಲು ಮೊಬೈಲಿನ ಆಕಾರದಲ್ಲಿದೆ. ರಾತ್ರಿ ಪಾಳಿ ಮುಗಿಸಿ ಬಂದವಳು ವಿಡಿಯೋ ಕರೆಯಲ್ಲಿ ಕೋಣೆಯ ನಾಲ್ಕೂ ಮೂಲೆಗಳನ್ನು ತೋರಿಸಬೇಕು. ಅದನ್ನು ಕೇಳುವವನು ಪ್ರೀತಿಯಿಂದ ಕೇಳುತ್ತಿರುವೆನೆಂದೇ ನಂಬಿರುತ್ತಾನೆ. ನೀಲೇಗೌಡನೂ ಹಾಗೆಯೇ ನಂಬಿದ್ದನು.

2023ರ ಫೆಬ್ರವರಿಯಲ್ಲಿ ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ ಮದುವೆಯಾಗದ ಯುವಕರು ಇದೇ ಮಾದಪ್ಪನ ಬೆಟ್ಟಕ್ಕೆ ‘ಬ್ರಹ್ಮಚಾರಿಗಳ ಪಾದಯಾತ್ರೆ’ ಕೈಗೊಂಡರು. ಮೂವತ್ತು ದಾಟಿದರೂ ಕನ್ಯೆ ದೊರೆಯಲಿಲ್ಲ, ರೈತನ ಮಗನನ್ನು ಯಾರೂ ಒಪ್ಪುತ್ತಿಲ್ಲವೆಂಬುದು ಅವರ ಅಳಲು. ಆ ನೋವು ನಿಜವಾದುದು. ಅದನ್ನು ನಗೆಪಾಟಲು ಮಾಡಿದವರು ಸರಿ ಮಾಡಲಿಲ್ಲ. ಆದರೆ ಈಗಿನ ಹುಡುಗಿಯರಿಗೆ ಒಲವು ಬೇಡ, ಪೇಟೆಯ ಸಂಬಳವೇ ಸಾಕೆಂದು ಸುತ್ತಲಿನವರು ಕೊಟ್ಟ ವಿವರಣೆಯನ್ನು ಒಪ್ಪಲಾಗದು. ಅದೇ ವರ್ಷದ ನವೆಂಬರಿನಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಭ್ರೂಣಲಿಂಗ ಪತ್ತೆ ನಡೆಯುತ್ತಿದ್ದುದು ಬಯಲಾಯಿತು. ಹುಟ್ಟಲು ಬಿಡದ ಹೆಣ್ಣಿನ ಲೆಕ್ಕವನ್ನು ಹುಟ್ಟಿದ ಹೆಣ್ಣಿನ ಆಸೆಬುರುಕತನದ ಖಾತೆಗೆ ಬರೆಯುವುದು ಯಾವ ನ್ಯಾಯ? ಇನ್ನು ಹುಟ್ಟಿ ಬೆಳೆದವಳು, ತಾಯಿಯು ನೀರು ಹೊತ್ತು ಸೊಪ್ಪು ಕೊಯ್ದು ಸವೆದುದನ್ನು ಕಣ್ಣಾರೆ ಕಂಡವಳು, ಆ ಬಾಳು ಬೇಡವೆಂದರೆ ಅದು ಒಲವಿನ ಕೊರತೆಯಾಗುವುದಿಲ್ಲ.

ಗಾರ್ಮೆಂಟ್ಸ್‌ಗೆ ಹೋಗುವವಳೆಂಬ ಮಾತನ್ನು ಹಳ್ಳಿಗಳಲ್ಲಿ ಉಚ್ಚರಿಸುವ ರೀತಿಯೇ ಬೇರೆ. ಅಲಂಕಾರ, ತಿರುಗಾಟ, ಯಾರದೋ ಬೈಕು ಎಂಬ ಚಿತ್ರವೆಲ್ಲ ಆ ಒಂದು ಮಾತಿನೊಳಗೆ ಅಡಗಿರುತ್ತದೆ. 2016ರ ಏಪ್ರಿಲಿನಲ್ಲಿ ಅದೇ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ಬೆಂಗಳೂರಿನ ರಸ್ತೆಗಿಳಿದು ಕುಳಿತರು. ಭವಿಷ್ಯನಿಧಿಯ ಹಣವನ್ನು ಹಿಂಪಡೆಯಲು ಕೇಂದ್ರ ಸರ್ಕಾರವು ವಿಧಿಸಿದ್ದ ನಿರ್ಬಂಧವನ್ನು ತೆಗೆಯಬೇಕೆಂಬುದು ಬೇಡಿಕೆ. ಸರ್ಕಾರ ಅದನ್ನು ಹಿಂತೆಗೆದುಕೊಂಡಿತು. ಆ ಹಣ ತಮ್ಮನ ಓದು, ತಂಗಿಯ ಮದುವೆ, ಊರಿನ ಸಾಲಗಳಿಗೆ ಆಸರೆಯಾಗುವ ಹಣ. ಕಾಯಕದಿಂದ ಕೂಡಿಟ್ಟುದಕ್ಕಾಗಿ ಬೀದಿಯಲ್ಲಿ ಕುಳಿತವರನ್ನು ಶೀಲದ ತಕ್ಕಡಿಯಲ್ಲಿ ತೂಗುವವರು ಕಾಯಕವೇ ಕೈಲಾಸವೆಂಬ ಮಾತನ್ನು ಗೋಡೆಯ ಮೇಲೆ ಬರೆಸದಿರುವುದು ಲೇಸು.

ಇನ್ನೊಂದು ರೂಢಿಯ ಕಲ್ಪನೆಯಿದೆ: ಕೂಲಿಗಾಗಿ ಊರೂರು ಅಲೆಯುವ ದಂಪತಿಗಳಲ್ಲಿ ಹೊಟ್ಟೆಪಾಡಿನ ಹೊರತು ಒಲುಮೆಯೆಂಬುದೇ ಇರುವುದಿಲ್ಲವೆಂದು. ರಾಯಚೂರು, ಯಾದಗಿರಿ ಸೀಮೆಯಿಂದ ಬಂದು ಬೆಂಗಳೂರಿನ ಕಟ್ಟಡಗಳ ಮಗ್ಗುಲಲ್ಲಿ ತಗಡಿನ ಗುಡಿಸಲು ಹಾಕಿಕೊಂಡವರನ್ನು ಕಂಡು ಉಳ್ಳವರು ಹೀಗೆ ಭಾವಿಸುತ್ತಾರೆ. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಅದೇ ರಾಯಚೂರು ಸೀಮೆಯ ಲಿಂಗಸುಗೂರು ಬಳಿಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದವರು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅಗತ್ಯಕ್ಕಿಂತ ಹೆಚ್ಚು ತಂದಾಗ, ಅದನ್ನು ಮರಳಿ ಅಲ್ಲಿಯೇ ಚೆಲ್ಲಿ ಬರುವಂತೆ ಲಕ್ಕಮ್ಮ ಹೇಳಿದಳು. ಆತ ಹೋಗಿ ಚೆಲ್ಲಿ ಬಂದನು. ಲಕ್ಕಮ್ಮನ ವಚನಗಳನ್ನು ಬಡತನದ ಮಹಿಮೆಗಾಗಿಯೇ ವ್ಯಾಖ್ಯಾನಿಸುವುದು ರೂಢಿ. ಆದರೆ ಗಂಡನಿಗೆ ನೇರವಾಗಿ ‘ಇದು ಆಸೆ’ ಎನ್ನಬಲ್ಲ ಹೆಂಡತಿ, ಅದನ್ನು ಕೇಳಿ ಅಕ್ಕಿ ಹೊತ್ತು ಹಿಂದಿರುಗಬಲ್ಲ ಗಂಡ, ಇವರ ನಡುವೆ ಇದ್ದ ಸಲುಗೆ ಎಂತಹುದು! ಅಲ್ಲಿ ಪ್ರಮಾಣ ಮಾಡಿಸುವ ಪ್ರಸಂಗವೇ ಒದಗಲಿಲ್ಲ.

ಕಡಲಾಚೆಗೆ ಹೋದ ಕನ್ನಡ ಕುಟುಂಬಗಳೂ ಇದರಿಂದ ಪಾರಾಗಿಲ್ಲ. ಹಿರಿಯರು ನೋಡಿ ಮಾಡಿದ ಮದುವೆಯಲ್ಲಿ ಪ್ರೇಮವೆಲ್ಲಿಂದ ಬರಬೇಕೆಂದು ಅಲ್ಲಿಯ ನೆರೆಯವರು ಕೇಳುತ್ತಾರೆ. ಅಲ್ಲಿಯವರ ಪ್ರೇಮ ಮೂರು ದಿನದ್ದೆಂದು ಇವರು ಹೇಳುತ್ತಾರೆ. ಇಬ್ಬರೂ ಪರರ ಮನೆಯ ಬಾಗಿಲನ್ನಷ್ಟೇ ಕಂಡವರು. ಸೌರಾಷ್ಟ್ರದಿಂದ ವ್ಯಾಪಾರಕ್ಕೆಂದು ಪುಲಿಗೆರೆಗೆ ಬಂದ ಆದಯ್ಯನು ಜೈನ ಮನೆತನದ ಪದ್ಮಾವತಿಯನ್ನು ಒಲಿದು ವರಿಸಿದ ಕಥೆಯನ್ನು ಹರಿಹರನು ರಗಳೆಯಾಗಿಸಿದ್ದಾನೆ. ಆ ಕಥೆಯು ಬಹುಬೇಗ ಮತಗಳ ವಾದಕ್ಕೆ ತಿರುಗಿ, ಒಲಿದ ಹೆಣ್ಣು ಹಿನ್ನೆಲೆಗೆ ಸರಿಯುವುದು ವಿಷಾದದ ಸಂಗತಿ.

ಮಠಗಳಲ್ಲಿಯೂ ಸಮುದಾಯ ಭವನಗಳಲ್ಲಿಯೂ ವಧುವರರ ಸಮಾವೇಶಗಳು ನಡೆಯುತ್ತಿವೆ. ಹುಡುಗಿ ನಗರದಲ್ಲಿ ದುಡಿಯುವವಳಾದರೆ ಯಾವ ಹಾಸ್ಟೆಲು, ಜೊತೆಯಲ್ಲಿ ಯಾರು, ರಾತ್ರಿ ಎಷ್ಟು ಗಂಟೆಗೆ ಬರುವಳೆಂದು ವರನ ಕಡೆಯವರು ವಿಚಾರಿಸುತ್ತಾರೆ. ವರನೂ ಅದೇ ನಗರದಲ್ಲಿ ಬಾಡಿಗೆ ಕೋಣೆಯಲ್ಲಿ ಇರುವವನೇ. ಅವನನ್ನು ಕೇಳುವುದು ಸಂಬಳವನ್ನು ಮಾತ್ರ. ಇಂತಹ ಸಮಾವೇಶಗಳನ್ನು ನಡೆಸುವ ಹಿರಿಯರು ಒಂದು ನಿಯಮವನ್ನು ಮಾಡಬಹುದು: ಹುಡುಗಿಗೆ ಕೇಳಿದ ಪ್ರತಿಯೊಂದು ಪ್ರಶ್ನೆಗೂ ಮೊದಲು ಹುಡುಗನು ಎಲ್ಲರೆದುರು ಉತ್ತರಿಸತಕ್ಕದ್ದು.