ಕೋವಿಗೆ ಪರವಾನಿಗೆ, ಮದ್ದಿಗೆ ಅಲೆದಾಟ

ಬೆಳೆ ರಕ್ಷಣೆಗೆಂದು ಕೃಷಿಕನಿಗೆ ಕೋವಿಯ ಪರವಾನಿಗೆ ಕೊಡುವ ಸರಕಾರ, ಅದಕ್ಕೆ ತುಂಬುವ ಮದ್ದು ಎಲ್ಲಿ ಸಿಗುತ್ತದೆ, ಎಷ್ಟಕ್ಕೆ ಸಿಗುತ್ತದೆ ಎಂದು ಯೋಚಿಸಿದಂತೆ ಕಾಣುವುದಿಲ್ಲ. ನಮ್ಮ ಕಾಸರಗೋಡಿನ ಅಡಿಕೆ ತೋಟಕ್ಕೂ ಆದೋನಿ ಕಡೆಯ ಪೆದ್ದಹರಿವಾಣದ ಹತ್ತಿ ಹೊಲಕ್ಕೂ ನೂರಾರು ಮೈಲಿಗಳ ಅಂತರ. ಆದರೆ ಕಷ್ಟ ಒಂದೇ. 1953ರಲ್ಲಿ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಬಳ್ಳಾರಿಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದವು. 1956ರಲ್ಲಿ ನಾವು ಕೇರಳಕ್ಕೆ ಸೇರಿದೆವು. ಅಲ್ಲಿಯ ಕಚೇರಿ ತೆಲುಗಿನದು, ಇಲ್ಲಿಯದು ಮಲಯಾಳದ್ದು. ಹಂದಿಗೆ ಮಾತ್ರ ಗಡಿಯೂ ಇಲ್ಲ, ಭಾಷೆಯೂ ಇಲ್ಲ.

ಹಳೆಯ ಕೇಪಿನ ಕೋವಿ ಇರುವವರು ಕರಿಮದ್ದು, ಚರೆ, ಕೇಪುಗಳನ್ನು ಬೇರೆಬೇರೆಯಾಗಿ ಕೊಳ್ಳಬೇಕು. ಈಡೊಂದಕ್ಕೆ ತಗಲುವ ಖರ್ಚು ಕಡಿಮೆ. ಆದರೆ ಮಳೆಗಾಲದ ತೇವಕ್ಕೆ ಆ ಮದ್ದು ಕೆಡುತ್ತದೆ, ಅದರ ಮಸಿ ನಳಿಗೆಯನ್ನು ತಿನ್ನುತ್ತದೆ. ತೋಟೆ ಕೋವಿಗೆ ಹೊಗೆರಹಿತ ಮದ್ದು ತುಂಬಿದ ಸಿದ್ಧ ತೋಟೆ ಬೇಕು. ತೇವದ ಭಯ ಕಡಿಮೆ, ಬೆಲೆ ಹೆಚ್ಚು. ಇವೆರಡರ ಮೇಲೂ ಇನ್ನೊಂದು ಖರ್ಚಿದೆ. ಮದ್ದುಗುಂಡಿನ ಅಂಗಡಿ ಇರುವ ಪೇಟೆಗೆ ಬಸ್ಸು ಚಾರ್ಜು, ಒಂದು ದಿನದ ಕೆಲಸ, ಹೋದಾಗ ದಾಸ್ತಾನಿಲ್ಲವೆಂದು ಬರಿಗೈಯಲ್ಲಿ ಮರಳುವುದು. ಐದು ತೋಟೆ ಕೊಳ್ಳುವ ಸಣ್ಣ ರೈತನಿಗೆ ತೋಟೆಗಿಂತ ಅಲೆದಾಟವೇ ದುಬಾರಿ.

ಹಾಗಾದರೆ ಮನೆಯಲ್ಲೇ ತೋಟೆ ತುಂಬಿಕೊಳ್ಳಬಾರದೇ ಎಂದು ಕೇಳುವವರಿದ್ದಾರೆ. ಅಮೆರಿಕದಲ್ಲಿ ಅದೊಂದು ಹವ್ಯಾಸ. ಬಗೆಬಗೆಯ ಮದ್ದಿನ ಡಬ್ಬಿಗಳು ಅಂಗಡಿಯಲ್ಲೇ ಸಿಗುತ್ತವೆ. ನಮ್ಮ 1959ರ ಶಸ್ತ್ರಾಸ್ತ್ರ ಕಾಯಿದೆ ಈಡಿನ ಮದ್ದನ್ನೂ ತೋಟೆಯ ಬಿಡಿಭಾಗಗಳನ್ನೂ ಮದ್ದುಗುಂಡೆಂದೇ ಎಣಿಸುತ್ತದೆ. ಅದರ ತಯಾರಿಕೆಗೆ ಪ್ರತ್ಯೇಕ ಪರವಾನಿಗೆ ಬೇಕು. ಕಾನೂನಿಗಿಂತ ದೊಡ್ಡ ಕಾರಣ ಜೀವದ್ದು. ಕರಿಮದ್ದಿಗೆಂದು ಮಾಡಿದ ಕೋವಿಗೆ ಹೊಗೆರಹಿತ ಮದ್ದು ತುಂಬಿದರೆ ನಳಿಗೆ ಸಿಡಿದು ತುಂಬಿದವನ ಕೈಯೇ ಹೋಗಬಹುದು. ಅಗ್ಗವೆಂದು ಕಳ್ಳ ಮದ್ದಿಗೆ ಕೈಚಾಚುವವರು ಇದನ್ನು ನೆನಪಿಡಲಿ.

ಸರಿಯಾದ ದಾರಿ ಮುಚ್ಚಿದಾಗ ಜನರು ಅಡ್ಡದಾರಿ ಹಿಡಿಯುತ್ತಾರೆ. 2020ರ ಮೇ ತಿಂಗಳಲ್ಲಿ ಪಾಲಕ್ಕಾಡಿನಲ್ಲಿ ಸ್ಫೋಟಕ ತುಂಬಿದ ಹಣ್ಣು ಕಚ್ಚಿ ಬಸುರಿ ಆನೆಯೊಂದು ನದಿಯಲ್ಲಿ ನಿಂತೇ ಸತ್ತುದನ್ನು ದೇಶವೇ ಕಂಡಿತು. ತೋಟದ ಬೇಲಿಗೆ ಹರಿಸಿದ ವಿದ್ಯುತ್ತು ಹಂದಿಯನ್ನೂ ನೆರೆಮನೆಯವರನ್ನೂ ಬೇರೆಬೇರೆಯಾಗಿ ಗುರುತಿಸುವುದಿಲ್ಲ.

2022ರ ಮೇ ತಿಂಗಳಲ್ಲಿ ಕೇರಳ ಸರಕಾರ ಬೆಳೆ ಹಾಳು ಮಾಡುವ ಹಂದಿಗಳನ್ನು ಕೊಲ್ಲಿಸಲು ಅನುಮತಿ ನೀಡುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೆ ಕೊಟ್ಟಿತು. ಒಳ್ಳೆಯದೇ. ಆದರೆ ಅನುಮತಿ ಪತ್ರದಿಂದ ಈಡು ಹಾರುವುದಿಲ್ಲ. ಪೆದ್ದಹರಿವಾಣದ ಸೀಮೆಯಲ್ಲಿ ಪರಿಸ್ಥಿತಿ ಇನ್ನೂ ಬಿಗಿ. ಅಲ್ಲಿ ಹೊಲಕ್ಕಿಳಿಯುವ ಕೃಷ್ಣಮೃಗ ಕಾಯಿದೆಯ ಒಂದನೆಯ ಅನುಸೂಚಿಯ ಪ್ರಾಣಿ. ಅದರತ್ತ ಕೋವಿ ಎತ್ತುವ ಮಾತೇ ಇಲ್ಲ. ಅಂಥ ರೈತನಿಗೆ ಬೇಲಿಯೂ ಪರಿಹಾರವೂ ಸಕಾಲದಲ್ಲಿ ಸಿಗುವುದೇ ಮದ್ದು.

ನೀಲಗಿರಿಯ ಅರುವಂಕಾಡಿನಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಿಂದಲೂ ಹೊಗೆರಹಿತ ಮದ್ದು ತಯಾರಾಗುತ್ತಿದೆ. ಪುಣೆಯ ಖಡಕಿಯಲ್ಲಿ ಸರಕಾರಿ ತೋಟೆ ಕಾರ್ಖಾನೆಯಿದೆ. ತಯಾರಿಸುವ ಶಕ್ತಿ ದೇಶಕ್ಕಿದೆ. ಹಳ್ಳಿಗೆ ತಲುಪಿಸುವ ಏರ್ಪಾಡಿಲ್ಲ. ಪರವಾನಿಗೆ ಪಡೆದ ಅಂಗಡಿಗಳ ಹೆಸರು, ದಾಸ್ತಾನು, ದರಗಳನ್ನು ಪಂಚಾಯತು ಕಚೇರಿಯಲ್ಲಿ ಕನ್ನಡದಲ್ಲೂ ಪ್ರಕಟಿಸಲಿ. ಪಂಚಾಯತಿನ ಅನುಮತಿಯಿಂದ ಹಾರಿಸಿದ ಈಡಿನ ಖರ್ಚನ್ನು ಪಂಚಾಯತೇ ಭರಿಸಲಿ. ಚುನಾವಣೆಯೆಂದು ಕೋವಿಗಳನ್ನು ಠಾಣೆಯಲ್ಲಿ ಇಡಿಸುವ ಮುನ್ನ ಹಂದಿ ಕಾಟದ ಊರುಗಳ ಅರ್ಜಿಗಳನ್ನು ಒಂದೊಂದಾಗಿ ಪರಿಶೀಲಿಸಲಿ. ಇವು ಯಾವುದಕ್ಕೂ ಹೊಸ ಕಾಯಿದೆ ಬೇಡ. ನಮ್ಮ ಕನ್ನಡ ಸದಸ್ಯರು ಮುಂದಿನ ಪಂಚಾಯತು ಸಭೆಯಲ್ಲೇ ಈ ಮಾತೆತ್ತಲಿ. ಅಡಿಕೆ ಸಸಿ ಬುಡಮೇಲಾದ ಮೇಲೆ ಠರಾವು ಪಾಸಾಗಿ ಫಲವಿಲ್ಲ.